ಕಂಪನಿಯ ಕಾರ್ಡು ಕೊನೆತನಕ ಬಾರದು

ದುಬೈಯಲ್ಲಿ ದುಡಿಯುತ್ತಾ ನಲವತ್ತೈದು ದಾಟಿದವರೇ, ನಿಮಗೊಂದು ಕಿವಿಮಾತು. ಪರ್ಸಿನಲ್ಲಿರುವ ಆ ಇನ್ಶೂರೆನ್ಸ್ ಕಾರ್ಡು ಕಂಪನಿ ಕೊಟ್ಟದ್ದು. ಕೆಲಸ ಬಿಟ್ಟು ವೀಸಾ ರದ್ದಾದರೆ ಅದೂ ಹೋಗುತ್ತದೆ. ‘ಊರಿಗೆ ಹೋದಮೇಲೆ ನೋಡಿಕೊಂಡರಾಯಿತು’ ಎಂದು ಕೂತರೆ ಬಾಯಾರಿದಾಗ ಬಾವಿ ತೋಡಿದಂತೆ.

ಭಾರತದ ಪಾಲಿಸಿಗಳಲ್ಲಿ ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೂ ಕಾಯಿಸಬಹುದು. ಹಾಗಾಗಿ ಮರಳುವ ಮೂರು ವರ್ಷ ಮೊದಲೇ ಊರಿನಲ್ಲೊಂದು ಪಾಲಿಸಿ ಮಾಡಿಸಿ. ಅದು ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗಷ್ಟೇ; ದುಬೈಯಲ್ಲಿರುವಷ್ಟು ದಿನ ಅಲ್ಲಿನ ಕಾರ್ಡೂ ಬೇಕು.

ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ಬಿಪಿ ಮುಚ್ಚಿಡಬೇಡಿ. ಏಜೆಂಟ್ ‘ಅದೆಲ್ಲ ಬರೆಯೋದು ಬೇಡ ಸಾರ್’ ಅಂದರೂ ಬರೆಸಿ. ಕ್ಲೇಮ್ ತಿರಸ್ಕಾರವಾದ ದಿನ ಆತನ ಫೋನು ಸಿಗದೇ ಹೋಗಬಹುದು.

ಕಂತು ಕಡಿಮೆಯೆಂದು ಮರುಳಾಗಬೇಡಿ. ರೂಮ್ ಬಾಡಿಗೆಯ ಮಿತಿ, ಕೋ-ಪೇ ಎಷ್ಟೆಂದು ನೋಡಿ. ಶೇ. 20 ಕೋ-ಪೇ ಇದ್ದರೆ 5 ಲಕ್ಷದ ಬಿಲ್ಲಿನಲ್ಲಿ 1 ಲಕ್ಷ ನಿಮ್ಮ ಜೇಬಿನದೇ. ಪಾಲಿಸಿ ಕೈಸೇರಿದೊಡನೆ ಬೀರುವಿಗೆ ಸೇರಿಸದೆ ಓದಿ. ಒಪ್ಪದಿದ್ದರೆ 30 ದಿನದೊಳಗೆ ಹಿಂತಿರುಗಿಸಬಹುದು.

ಈ ಸಲ ರಜೆಗೆ ಬಂದಾಗ ಮದುವೆ, ಗೃಹಪ್ರವೇಶಗಳ ನಡುವೆ ಒಂದು ದಿನ ಇದಕ್ಕೂ ಎತ್ತಿಡಿ.