ಒಕ್ಕೂಟದ ಕಂಪ್ಯೂಟರ್ 32 ಬಿಟ್ಟೋ, 64 ಬಿಟ್ಟೋ? ನಾವೇ ನೋಡಿ ತಿಳಿಯೋಣ



ಈಗ ಅನೇಕ ಒಕ್ಕೂಟಗಳ ಕಚೇರಿಯಲ್ಲಿ ಒಂದು ಕಂಪ್ಯೂಟರ್ ಇದೆ. ಉಳಿತಾಯ, ಸಾಲ, ಮರುಪಾವತಿ ಎಲ್ಲದರ ಲೆಕ್ಕ ಅದರೊಳಗಿದೆ. ಹೊಲಿಗೆ ಯಂತ್ರ ಕೊಳ್ಳುವಾಗ ಕಾಲಿನದೋ, ಮೋಟಾರಿನದೋ ಎಂದು ಹತ್ತು ಸಲ ಕೇಳುವ ನಾವು, ಕಂಪ್ಯೂಟರ್ ವಿಷಯ ಬಂದರೆ ಮಾತ್ರ "ಅದೆಲ್ಲ ಮಕ್ಕಳಿಗೆ ಗೊತ್ತು" ಎಂದು ಸುಮ್ಮನಾಗುತ್ತೇವೆ. ಹೀಗೆ ಸುಮ್ಮನಾದದ್ದರಿಂದ ಏನಾಯಿತು ಎಂದು ಮೊದಲು ಹೇಳುತ್ತೇನೆ.

ನಡೆದ ಸಂಗತಿ

2019ರಲ್ಲಿ ನಮ್ಮ ಒಂದು ಒಕ್ಕೂಟದ ಕಂಪ್ಯೂಟರ್ ತುಂಬಾ ನಿಧಾನವಾಗಿತ್ತು. ಅದರಲ್ಲಿ 4 ಜಿಬಿ ರ್‍ಯಾಮ್ ಇತ್ತು. ರ್‍ಯಾಮ್ ಅಂದರೆ ಕೆಲಸ ನಡೆಯುತ್ತಿರುವಾಗ ಕಂಪ್ಯೂಟರ್ ಬಳಸುವ ನೆನಪಿನ ಜಾಗ. ರಿಪೇರಿಗೆ ಬಂದವರು "ರ್‍ಯಾಮ್ ಸಾಲದು, ಇನ್ನೊಂದು ಹಾಕಿಸಿ" ಅಂದರು. ನಾವು ಠರಾವು ಬರೆದು ಇನ್ನೂ 4 ಜಿಬಿ ಹಾಕಿಸಿದೆವು. ವೋಚರಿಗೆ ಸಹಿ ಮಾಡಿದವಳು ನಾನೇ. ತಿಂಗಳು ಕಳೆದರೂ ಕಂಪ್ಯೂಟರ್ ಮೊದಲಿನ ಹಾಗೆಯೇ ತೆವಳುತ್ತಿತ್ತು.

ಒಂದು ದಿನ ಸದಸ್ಯೆಯೊಬ್ಬರ ಮಗಳು, ಡಿಗ್ರಿ ಓದುವ ಹುಡುಗಿ, ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು ತೋರಿಸಿದಳು. ಅಲ್ಲಿ 8 ಜಿಬಿ ಎಂದು ಬರೆದಿತ್ತು. ಪಕ್ಕದಲ್ಲೇ, ಬಳಕೆಗೆ ಸಿಗುವುದು 3.4 ಜಿಬಿ ಎಂದೂ ಇತ್ತು. "ಸಿಸ್ಟರ್, ಇದು 32 ಬಿಟ್ ವಿಂಡೋಸ್. ಎಷ್ಟು ರ್‍ಯಾಮ್ ಹಾಕಿದರೂ ಇದಕ್ಕೆ ಅಷ್ಟೇ ಸಿಗುವುದು" ಅಂದಳು.

"ಹಾಗಾದ್ರೆ ನಾವು ಕೊಟ್ಟ ದುಡ್ಡು ಎಲ್ಲಿ ಹೋಯ್ತು ಸಿಸ್ಟರ್?" ಎಂದು ಒಬ್ಬರು ಕೇಳಿದರು. ಬೀಡಿ ಕಟ್ಟಿ ಉಳಿಸಿದ ಹಣ ಅದು. ಅಂದು ನನ್ನ ಬಳಿ ಉತ್ತರ ಇರಲಿಲ್ಲ.

ಬಿಟ್ ಅಂದರೇನು?

ಕಂಪ್ಯೂಟರಿನ ಎಲ್ಲ ಕೆಲಸಗಳನ್ನು ನಡೆಸಿಕೊಂಡು ಹೋಗುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ವಿಂಡೋಸ್, ಉಬುಂಟು ಇವೆಲ್ಲ ಅದೇ. ಇದು 32 ಬಿಟ್, 64 ಬಿಟ್ ಎಂಬ ಎರಡು ಬಗೆಗಳಲ್ಲಿ ಬಂದಿದೆ.

ನಮ್ಮ ಲೆಡ್ಜರ್ ಪುಸ್ತಕವನ್ನೇ ನೆನಪಿಸಿಕೊಳ್ಳಿ. ಸದಸ್ಯೆಯ ನಂಬರ್ ಬರೆಯಲು ಎರಡೇ ಅಂಕೆಗಳ ಕಾಲಂ ಇದ್ದರೆ 99ರವರೆಗೆ ಮಾತ್ರ ಬರೆಯಬಹುದು. ನೂರನೆಯವರು ಬಂದರೆ ಅವರಿಗೆ ಕೂರಲು ಜಾಗ ಇದ್ದರೂ ಪುಸ್ತಕದಲ್ಲಿ ನಂಬರ್ ಇಲ್ಲ. ಕಂಪ್ಯೂಟರೂ ಹಾಗೆಯೇ. ರ್‍ಯಾಮಿನ ಪ್ರತಿ ಪುಟ್ಟ ಕೋಣೆಗೂ ಅದು ಒಂದು ನಂಬರ್ ಕೊಡುತ್ತದೆ. 32 ಬಿಟ್‌ನ ಕಾಲಂನಲ್ಲಿ 429 ಕೋಟಿ 49 ಲಕ್ಷ 67 ಸಾವಿರದ 296 ನಂಬರ್‌ಗಳು ಮಾತ್ರ ಹಿಡಿಯುತ್ತವೆ. ಅದೇ 4 ಜಿಬಿ. ಅದರಲ್ಲೂ ಸ್ವಲ್ಪ ನಂಬರ್‌ಗಳು ಯಂತ್ರದ ಬೇರೆ ಭಾಗಗಳಿಗೆ ಹೋಗುವುದರಿಂದ ನಮಗೆ ಸಿಕ್ಕಿದ್ದು 3.4. 64 ಬಿಟ್‌ನ ಕಾಲಂ ಬಹಳ ದೊಡ್ಡದು, ನಮ್ಮ ಕೆಲಸಕ್ಕೆ ಅದು ಎಂದೂ ತುಂಬುವುದಿಲ್ಲ.

ನೋಡುವುದು ಹೇಗೆ?

1. ವಿಂಡೋಸ್ 10 ಅಥವಾ 11: ಕೆಳಗಿರುವ ಸ್ಟಾರ್ಟ್ ಗುರುತಿನ ಮೇಲೆ ಮೌಸಿನ ಬಲ ಬಟನ್ ಒತ್ತಿ. ಬರುವ ಪಟ್ಟಿಯಲ್ಲಿ ‘ಸಿಸ್ಟಮ್’ ಆರಿಸಿ. ತೆರೆಯುವ ಪುಟದಲ್ಲಿ ‘ಸಿಸ್ಟಮ್ ಟೈಪ್’ ಎಂಬ ಸಾಲನ್ನು ಹುಡುಕಿ.

2. ಹಳೆಯ ವಿಂಡೋಸ್ 7: ಸ್ಟಾರ್ಟ್ ಒತ್ತಿ, ‘ಕಂಪ್ಯೂಟರ್’ ಮೇಲೆ ಬಲ ಬಟನ್ ಒತ್ತಿ, ‘ಪ್ರಾಪರ್ಟೀಸ್’ ಆರಿಸಿ. ಅಲ್ಲಿಯೂ ‘ಸಿಸ್ಟಮ್ ಟೈಪ್’ ಇದೆ.

3. ಉಬುಂಟು: ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್’ ತೆರೆದು ‘ಓಎಸ್ ಟೈಪ್’ ನೋಡಿ.

4. ಯಾವ ವಿಂಡೋಸ್ ಎಂದೇ ಗೊತ್ತಿಲ್ಲವಾದರೆ ವಿಂಡೋಸ್ ಗುರುತಿನ ಕೀ ಮತ್ತು ‘ಆರ್’ ಕೀ ಒಟ್ಟಿಗೆ ಒತ್ತಿ. ಚಿಕ್ಕ ಚೌಕದಲ್ಲಿ ಡಬ್ಲ್ಯೂ, ಐ, ಎನ್, ವಿ, ಇ, ಆರ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಹೆಸರು ಕಾಣುತ್ತದೆ.

ನೋಡುವುದರಿಂದ ಏನೂ ಕೆಡುವುದಿಲ್ಲ, ಹೆದರಬೇಡಿ.

ಸಾಲಿನ ಎರಡೂ ಭಾಗ ಓದಿ

ವಿಂಡೋಸ್ 10ರಲ್ಲಿ ಆ ಸಾಲು ಎರಡು ಮಾತು ಹೇಳುತ್ತದೆ. ಮೊದಲ ಭಾಗ ಆಪರೇಟಿಂಗ್ ಸಿಸ್ಟಮ್‌ನದ್ದು, ಎರಡನೆಯದು ಪ್ರೊಸೆಸರ್ ಎಂಬ ಯಂತ್ರಭಾಗದ್ದು. ‘ಎಕ್ಸ್ 64’ ಎಂದಿದ್ದರೆ ಪ್ರೊಸೆಸರ್ 64 ಬಿಟ್, ‘ಎಕ್ಸ್ 86’ ಎಂದಿದ್ದರೆ 32 ಬಿಟ್.

ನಮ್ಮ ಕಂಪ್ಯೂಟರಿನಲ್ಲಿ ಸಿಸ್ಟಮ್ 32 ಬಿಟ್, ಪ್ರೊಸೆಸರ್ ‘ಎಕ್ಸ್ 64’ ಇತ್ತು. ಅಂದರೆ ಯಂತ್ರಕ್ಕೆ ಶಕ್ತಿ ಇತ್ತು, ಹಾಕಿದ ವಿಂಡೋಸ್ ಚಿಕ್ಕದಾಗಿತ್ತು, ಅಷ್ಟೆ. ಲೆಕ್ಕವನ್ನೆಲ್ಲ ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿಕೊಂಡು, 64 ಬಿಟ್ ವಿಂಡೋಸ್ ಹೊಸದಾಗಿ ಹಾಕಿಸಿದೆವು. ಲೈಸೆನ್ಸ್ ಹಳೆಯದೇ ನಡೆಯಿತು. ಆಮೇಲೆ ಹಾಕಿಸಿದ ರ್‍ಯಾಮ್ ಕೆಲಸಕ್ಕೆ ಬಂತು, ದುಡ್ಡು ಉಳಿಯಿತು. ಆದರೆ ನೆನಪಿಡಿ: 32ರಿಂದ 64ಕ್ಕೆ ಹೋಗುವಾಗ ಹಳೆಯದರ ಮೇಲೆಯೇ ಹಾಕಲು ಬರುವುದಿಲ್ಲ, ಹೊಸದಾಗಿಯೇ ಹಾಕಬೇಕು. ನಕಲು ಇಡದೆ ಕೈ ಹಾಕಿದರೆ ವರ್ಷಗಳ ಲೆಕ್ಕ ಅಳಿಸಿಹೋದೀತು.

ಕೊಳ್ಳುವ ಮೊದಲು ಗಮನಿಸಿ

* 32 ಬಿಟ್‌ಗೆ ಮಾಡಿದ ಹೆಚ್ಚಿನ ತಂತ್ರಾಂಶಗಳು 64 ಬಿಟ್ ವಿಂಡೋಸ್‌ನಲ್ಲಿ ನಡೆಯುತ್ತವೆ. 64 ಬಿಟ್‌ಗೆ ಮಾಡಿದ್ದು 32ರಲ್ಲಿ ನಡೆಯುವುದಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಚಿಕ್ಕದನ್ನು ಇಡಬಹುದು, ಚಿಕ್ಕದರಲ್ಲಿ ದೊಡ್ಡದನ್ನು ಇಡಲಾಗದು.
* ಪ್ರಿಂಟರಿನ ಡ್ರೈವರ್‌ಗೆ ಈ ರಿಯಾಯಿತಿ ಇಲ್ಲ. 64 ಬಿಟ್ ವಿಂಡೋಸ್‌ಗೆ 64 ಬಿಟ್ ಡ್ರೈವರೇ ಬೇಕು.
* ತೀರಾ ಹಳೆಯ ಡಾಸ್ ಕಾಲದ ಲೆಕ್ಕದ ತಂತ್ರಾಂಶ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ತೆರೆಯುವುದಿಲ್ಲ. ಬದಲಾಯಿಸುವ ಮುಂಚೆ ಯೋಚಿಸಿ.
* ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪೆನಿಯ ಸಾಮಾನ್ಯ ಬೆಂಬಲ ನಿಂತಿತು. 2021ರಲ್ಲಿ ಬಂದ ವಿಂಡೋಸ್ 11 ಬರೀ 64 ಬಿಟ್. ಅದಕ್ಕೆ ಸಾಕಷ್ಟು ಹೊಸ ಪ್ರೊಸೆಸರೂ ಬೇಕು, ಹಾಗಾಗಿ ‘ಎಕ್ಸ್ 64’ ಎಂದಿದ್ದ ಮಾತ್ರಕ್ಕೆ ಅದು ಹಿಡಿಯುತ್ತದೆ ಎನ್ನುವಂತಿಲ್ಲ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವವರು ಇದನ್ನು ಅಂಗಡಿಯಲ್ಲೇ ತೆರೆದು ತೋರಿಸಲು ಹೇಳಿ. ತೋರಿಸಲು ಒಪ್ಪದವರಲ್ಲಿ ಕೊಳ್ಳಬೇಡಿ.

ಗುಂಪಿನಲ್ಲಿ ಚರ್ಚಿಸಿ

1. ನಮ್ಮ ಒಕ್ಕೂಟದ ಕಂಪ್ಯೂಟರಿನ ಸಿಸ್ಟಮ್ ಟೈಪ್ ಏನು? ಪ್ರೊಸೆಸರ್ ಯಾವುದು? ರ್‍ಯಾಮ್ ಎಷ್ಟು, ಅದರಲ್ಲಿ ಬಳಕೆಗೆ ಸಿಗುವುದು ಎಷ್ಟು?
2. ಲೆಕ್ಕದ ನಕಲು ಬೇರೆ ಕಡೆ ಇದೆಯೇ? ಅದು ಯಾರ ಬಳಿ ಇದೆ?
3. ಇದನ್ನು ನೋಡಲು ಬಲ್ಲವರು ನಮ್ಮಲ್ಲಿ ಎಷ್ಟು ಜನ? ಒಬ್ಬರೇ ಆದರೆ, ಅವರು ಬಾರದ ದಿನ ಏನು ಮಾಡುವುದು?

ಮುಂದಿನ ಸಭೆಯಲ್ಲಿ ಇಬ್ಬರು ಸದಸ್ಯೆಯರು ಕಂಪ್ಯೂಟರ್ ಮುಂದೆ ಕೂತು ಈ ಸಾಲನ್ನು ಗಟ್ಟಿಯಾಗಿ ಓದಲಿ, ಕಾರ್ಯದರ್ಶಿ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಲಿ. ಮುಂದೆ ಯಾರಾದರೂ "ಇದು ಹಾಕಿಸಿ, ಅದು ಹಾಕಿಸಿ" ಎಂದಾಗ, ವೋಚರ್ ಬರೆಯುವ ಮೊದಲು ಆ ಪುಟ ತಿರುಗಿಸಿ ನೋಡಿ. ಅಂದು ನಾನು ಮಾಡದೆ ಬಿಟ್ಟದ್ದು ಇದೊಂದೇ ಕೆಲಸ.