ಕಾಗದದ ಇಂಧನಕೋಶಗಳು

ಕೈಯಲ್ಲಿ ಒಯ್ಯಬಹುದಾದ ವಿದ್ಯುದುಪಕರಣಗಳು ಈಗ ಪಟ್ಟಣಗಳಲ್ಲಿ ಮಾತ್ರವಲ್ಲದೆ ಹೊಲಗದ್ದೆಗಳಲ್ಲಿಯೂ ಬಳಕೆಗೆ ಬಂದಿವೆ. ಕೈದೀಪ, ರೇಡಿಯೋ, ಮಣ್ಣಿನ ತೇವವನ್ನಳೆಯುವ ಮಾಪಕ ಮೊದಲಾದುವುಗಳಿಗೆ ಸೆಲ್ಲುಗಳು ಬೇಕು. ಸತ್ವ ತೀರಿದ ಸೆಲ್ಲನ್ನು ತಿಪ್ಪೆಗೆ ಎಸೆಯುವುದುಂಟು. ಅದರೊಳಗಿನ ಲೋಹಗಳು ಕೊಳೆಯತಕ್ಕವಲ್ಲ. ಗೊಬ್ಬರದೊಡನೆ ಹೊಲವನ್ನು ಸೇರುತ್ತವೆ. ಗುಂಡಿಯಾಕಾರದ ಲಿಥಿಯಂ ಸೆಲ್ಲನ್ನು ಮಗುವು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳವು ಸುಟ್ಟುಹೋಗಬಹುದು. ಇಂಥ ಸಣ್ಣ ಸೆಲ್ಲುಗಳಿಗೆ ಬದಲಾಗಿ ಕಾಗದದ ಇಂಧನಕೋಶಗಳನ್ನು ತಯಾರಿಸುವ ಪ್ರಯತ್ನಗಳು ಕೆಲವು ದೇಶಗಳಲ್ಲಿ ನಡೆದಿವೆ. ಅವುಗಳ ಸ್ವರೂಪವನ್ನೂ ಮಿತಿಯನ್ನೂ ಗ್ರಾಮಮುಖಂಡರು ಅರಿತಿರುವುದು ಯುಕ್ತವು.

ಇಂಧನಕೋಶವೆಂದರೇನು?— ಸಾಧಾರಣ ಸೆಲ್ಲಿನಲ್ಲಿ ಸತುವು ಮೊದಲಾದ ಲೋಹವೇ ಸವೆದು ವಿದ್ಯುತ್ತನ್ನು ಕೊಡುತ್ತದೆ. ಇಂಧನಕೋಶದಲ್ಲಿಯಾದರೋ, ಹೊರಗಿನಿಂದ ಒದಗಿಸಿದ ಇಂಧನವು ಗಾಳಿಯ ಆಮ್ಲಜನಕದೊಡನೆ ಕೂಡಿ, ಉರಿಯಿಲ್ಲದೆಯೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಒಲೆಗೆ ಸೌದೆಯಿಕ್ಕುವವರೆಗೂ ಬೆಂಕಿಯಿರುವಂತೆ, ಇಂಧನವಿರುವವರೆಗೂ ಕೋಶವು ನಡೆಯುವುದು. ಈ ತತ್ತ್ವವನ್ನು ವಿಲಿಯಂ ಗ್ರೋವ್ ಎಂಬ ವಿದ್ವಾಂಸರು ೧೮೩೯ರಲ್ಲಿಯೇ ಜಲಜನಕದಿಂದ ತೋರಿಸಿಕೊಟ್ಟರು.

ರಚನೆ.— ಕಾಗದದ ಕೋಶದ ಒಂದು ಮುಖ್ಯ ಬಗೆಯಲ್ಲಿ ಇಂಧನವು ಸಕ್ಕರೆಯ ಜಾತಿಯ ಗ್ಲೂಕೋಸು. ಇಂಗಾಲದ ಎರಡು ಪದರಗಳ ನಡುವೆ ಮಸಿ ಹೀರುವಂಥ ಕಾಗದವಿರುವುದು. ದೀಪದ ಬತ್ತಿಯು ಎಣ್ಣೆಯನ್ನೇರಿಸುವಂತೆ, ಕಾಗದದ ನಾರು ಗ್ಲೂಕೋಸಿನ ದ್ರವವನ್ನು ತಾನಾಗಿಯೇ ಪದರಗಳಿಗೆ ಮುಟ್ಟಿಸುತ್ತದೆ. ಒಂದು ಪದರದಲ್ಲಿ ಕಿಣ್ವವನ್ನು, ಎಂದರೆ ಜೀವಿಗಳ ಹೊಟ್ಟೆಯಲ್ಲಿ ಆಹಾರವನ್ನರಗಿಸುವಂಥ ವಸ್ತುವನ್ನು, ಲೇಪಿಸಿರುತ್ತಾರೆ. ಅದು ಗ್ಲೂಕೋಸಿನಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಅವು ತಂತಿಯಲ್ಲಿ ಹರಿದು, ಉಪಕರಣವನ್ನು ನಡೆಯಿಸಿ, ಎರಡನೆಯ ಪದರವನ್ನು ಸೇರುತ್ತವೆ. ಅಲ್ಲಿ ಆಮ್ಲಜನಕವು ನೀರಾಗಿ ಮಾರ್ಪಡುವುದು.

ಪ್ರಯೋಗಗಳು.— ೨೦೦೭ರಲ್ಲಿ ಜಪಾನಿನ ಸೋನಿ ಸಂಸ್ಥೆಯವರು ಗ್ಲೂಕೋಸಿನಿಂದ ನಡೆಯುವ ಕೋಶವನ್ನು ತೋರಿಸಿದರು. ೩೯ ಮಿಲಿಮೀಟರು ಬದಿಯ ಒಂದೊಂದು ಘನವೂ ೫೦ ಮಿಲಿವ್ಯಾಟ್ ಶಕ್ತಿಯನ್ನು ಕೊಟ್ಟಿತು. ನಾಲ್ಕನ್ನು ಜೋಡಿಸಿ ಸಂಗೀತದ ಸಣ್ಣ ಯಂತ್ರವೊಂದನ್ನು ನುಡಿಸಿದರು. ೨೦೧೧ರಲ್ಲಿ ಟೋಕಿಯೋ ನಗರದ ಪ್ರದರ್ಶನದಲ್ಲಿ ಅವರೇ ಕಾಗದದ ಚೂರುಗಳನ್ನು ಕಿಣ್ವದ ನೀರಿನಲ್ಲಿ ಕಲಕಿ, ಗೆದ್ದಲು ಮರವನ್ನರಗಿಸುವ ರೀತಿಯಲ್ಲಿ ಗ್ಲೂಕೋಸನ್ನು ಪಡೆದು, ಪುಟ್ಟ ಬೀಸಣಿಗೆಯನ್ನು ತಿರುಗಿಸಿದರು. ಇಲ್ಲಿ ಕಾಗದವು ಇಂಧನವಾಯಿತು. ಕಾಗದವೇ ಶರೀರವಾಗುಳ್ಳ ಕೋಶಗಳ ತಯಾರಿಕೆಗಾಗಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ೨೦೨೦ರಲ್ಲಿ ಬಿ.ಇ.ಎಫ್.ಸಿ. ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಅಮೆರಿಕೆಯ ಬಿಂಗ್‌ಹ್ಯಾಂಟನ್ ವಿಶ್ವವಿದ್ಯಾನಿಲಯದವರು ೨೦೧೫ರಲ್ಲಿ, ಕೊಳಕು ನೀರಿನ ಸೂಕ್ಷ್ಮಜೀವಿಗಳಿಂದ ನಡೆಯುವ, ಮಡಿಸಿದ ಕಾಗದದ ಕೋಶವನ್ನು ಪ್ರಕಟಿಸಿದರು.

ಮಿತಿ.— ಕಿಣ್ವವು ಬಿಸಿಗೂ ಕಾಲಕ್ಕೂ ಸತ್ವಗೆಡುವುದು. ಕಾಗದವು ಒಣಗಿದರೆ ಕೋಶವು ನಿಲ್ಲುವುದು. ಶಕ್ತಿಯೂ ಅತ್ಯಲ್ಪ. ಐದು ಅಶ್ವಶಕ್ತಿಯ ಪಂಪಿಗೆ ಸುಮಾರು ೩,೭೦೦ ವ್ಯಾಟ್ ಬೇಕು. ಮೇಲೆ ಹೇಳಿದ ಘನವೊಂದರ ಶಕ್ತಿಯು ಒಂದು ವ್ಯಾಟಿನ ಇಪ್ಪತ್ತನೆಯ ಒಂದು ಪಾಲು ಮಾತ್ರ. ಪಂಪನ್ನು ನಡೆಯಿಸಲು ಅಂಥವು ಎಪ್ಪತ್ತು ಸಾವಿರಕ್ಕೂ ಹೆಚ್ಚು ಬೇಕಾದಾವು. ಆದುದರಿಂದ ಕಾಗದದ ಅಥವಾ ಸಕ್ಕರೆಯ ಕೋಶದಿಂದ ಬಾವಿಯ ನೀರೆತ್ತಬಹುದೆಂದು ಹೇಳಿ ಯಾರಾದರೂ ಹಣ ಕೇಳಿದಲ್ಲಿ, ಅದರ ವ್ಯಾಟ್ ಎಷ್ಟೆಂಬುದನ್ನು ಮೊದಲು ವಿಚಾರಿಸತಕ್ಕದ್ದು. ಮಾಪಕ, ರೋಗಪರೀಕ್ಷೆಯ ಪಟ್ಟಿ ಮುಂತಾದ ಅಲ್ಪಶಕ್ತಿಯ ಉಪಕರಣಗಳೇ ಈ ಕೋಶಗಳಿಗೆ ತಕ್ಕ ಸ್ಥಾನ.

ಇವು ಹಳ್ಳಿಗಳಿಗೆ ಬರುವವರೆಗೆ ಹಳೆಯ ಸೆಲ್ಲುಗಳ ವಿಷಯದಲ್ಲಿ ಎಚ್ಚರಿಕೆ ಅವಶ್ಯಕ. ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವುಗಳನ್ನು ಸಂಗ್ರಹಿಸುವ ಹೊಣೆಯು ತಯಾರಕರದು. ಬೇರೆಯಾಗಿ ಕೂಡಿಟ್ಟು ಒಪ್ಪಿಸುವ ಹೊಣೆಯು ಬಳಸುವವರದು. ಗ್ರಾಮದಲ್ಲಿ ಒಂದು ಮುಚ್ಚಳದ ಡಬ್ಬವನ್ನಿರಿಸಿ, ಮಕ್ಕಳ ಕೈಗೆಟುಕದಂತೆ ಕಾಪಾಡಿ, ತಿಪ್ಪೆಗೆ ಒಂದು ಸೆಲ್ಲೂ ಬೀಳದಂತೆ ಮುಖಂಡರು ನೋಡಿಕೊಂಡಲ್ಲಿ, ಅದು ಭೂಮಿಗೂ ಜನರಿಗೂ ಹಿತವಾಗುವುದು.