ಸಹಿ ಹಿರಿಯರದು, ಮಾತು ಮಕ್ಕಳದು

ಹದಿಹರೆಯದವರ ಮನಸ್ಸಿನ ಏರಿಳಿತವನ್ನು ಕಂಡು ‘ವಯಸ್ಸೇ ಹಾಗೆ’ ಎಂದು ಸುಮ್ಮನಾಗುವುದು ನಮ್ಮ ಮನೆಗಳ ಹಳೆಯ ವಾಡಿಕೆ. ಬಹುಪಾಲು ಅದರಿಂದ ಅಪಾಯವೂ ಇಲ್ಲ. ಆದರೆ ಒಂದು ವಾರವಿಡೀ ನಿದ್ರೆಯ ಬಯಕೆಯೇ ಇಲ್ಲದೆ, ಮಾತಿನ ಮೇಲೆ ಮಾತು, ಯೋಜನೆಯ ಮೇಲೆ ಯೋಜನೆ ಹೂಡಿ, ಕೈಗೆ ಸಿಕ್ಕ ಹಣವನ್ನೆಲ್ಲ ಚೆಲ್ಲಿ, ತನಗೆ ಅಸಾಧ್ಯವಾದುದೊಂದಿಲ್ಲವೆಂದು ನಂಬಿದ್ದ ಹುಡುಗನೊಬ್ಬನು ಕೆಲವು ತಿಂಗಳ ತರುವಾಯ ಹಾಸಿಗೆಯಿಂದೇಳಲಾರದೆ, ಪುಸ್ತಕ ತೆರೆಯಲಾರದೆ, ಬದುಕೇ ನಿರರ್ಥಕವೆಂದು ಕುಳಿತನಾದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಮುಗಿಸತಕ್ಕದ್ದಲ್ಲ. ಇಂಥಲ್ಲಿ ವೈದ್ಯರು ಶಂಕಿಸುವ ವ್ಯಾಧಿಗಳಲ್ಲಿ ಬೈಪೋಲಾರ್, ಎಂದರೆ ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಮನೋವ್ಯಾಧಿ, ಒಂದು; ಅದು ಅನೇಕರಲ್ಲಿ ಮೊದಲಿಗೆ ತಲೆದೋರುವುದು ತಾರುಣ್ಯದ ಹೊಸ್ತಿಲಿನಲ್ಲಿಯೇ. ಉದ್ಯೋಗನಿಮಿತ್ತ ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ, ಕಾಸರಗೋಡು, ಮಂಜೇಶ್ವರ, ಬದಿಯಡ್ಕಗಳಿಂದ ಮಕ್ಕಳನ್ನು ಆ ನಗರಗಳ ವಿದ್ಯಾಸಂಸ್ಥೆಗಳಿಗೆ ಕಳುಹಿಸಿದವರಿಗೂ ಆಗ ಎರಡು ಭಯಗಳು ಆವರಿಸುವುವು: ಒಂದು ರೋಗದ್ದು, ಇನ್ನೊಂದು ಕಾಗದದ್ದು. ಮೊದಲನೆಯದನ್ನು ವೈದ್ಯರಿಗೆ ಬಿಟ್ಟು, ಎರಡನೆಯದನ್ನು ಇಲ್ಲಿ ವಿಚಾರಿಸೋಣ.

ಈ ವಿಷಯದಲ್ಲಿ ನಮಗೆ ಆಧಾರವಾದ ಶಾಸನವು 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ; 2018ರ ಮೇ 29ರಿಂದ ಅದು ಜಾರಿಯಲ್ಲಿದೆ. ಅದರ ಮೂರನೆಯ ಪ್ರಕರಣವನ್ನು ಪ್ರತಿಯೊಬ್ಬ ತಂದೆತಾಯಿಯೂ ಒಮ್ಮೆಯಾದರೂ ಓದಬೇಕೆಂದು ನನ್ನ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಂಥ ಮಾನ್ಯವಾದ ವೈದ್ಯಕೀಯ ಮಾನದಂಡದಿಂದಲ್ಲದೆ ಯಾರನ್ನೂ ಮನೋರೋಗಿಯೆಂದು ನಿರ್ಣಯಿಸಕೂಡದು; ನಿರ್ಣಯಿಸಿದರೂ ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದ ಉದ್ದೇಶ ಅಥವಾ ಕಾನೂನು ಹೇಳಿದ ಬೇರೆ ವಿಷಯಗಳ ಹೊರತು ಆ ಹೆಸರನ್ನು ಬಳಸಕೂಡದು; ಕುಟುಂಬದ ಅಥವಾ ಸಮಾಜದ ನೈತಿಕ ಮೌಲ್ಯಗಳಿಗೆ ಒಗ್ಗದ ನಡತೆ ಮಾತ್ರದಿಂದ ರೋಗವನ್ನು ಆರೋಪಿಸಕೂಡದು. ಹಿರಿಯರು ಒಪ್ಪದ ಪ್ರೇಮ, ಹಿರಿಯರು ಬಯಸದ ವ್ಯಾಸಂಗ, ಹಿರಿಯರಿಗೆ ಸೇರದ ದೇವರು, ಇವಾವುವೂ ವ್ಯಾಧಿಯ ಲಕ್ಷಣಗಳಲ್ಲ. ಮನೋರೋಗದ ನಿರ್ಣಯವೊಂದರಿಂದಲೇ ಒಬ್ಬನು ಅಸ್ವಸ್ಥಚಿತ್ತನೆಂದು ಅರ್ಥವಾಗದು, ಅದನ್ನು ಸಕ್ಷಮ ನ್ಯಾಯಾಲಯವೇ ಘೋಷಿಸಬೇಕು ಎಂಬ ಮಾತೂ ಅದೇ ಪ್ರಕರಣದಲ್ಲಿದೆ. ಚೀಟಿಯ ಮೇಲೆ ವೈದ್ಯರು ಬರೆದ ಒಂದು ಪದದಿಂದ ಮಗಳ ಮದುವೆ, ಮಗನ ನೌಕರಿ ಎಲ್ಲವೂ ಮುಗಿದುಹೋಯಿತೆಂದು ಭಾವಿಸುವವರಿಗೆ ಈ ವಾಕ್ಯ ನೆನಪಿನಲ್ಲಿರಲಿ.

ಇನ್ನು ಹೋಗುವುದೆಲ್ಲಿಗೆ? ತಿರುವನಂತಪುರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗವಿದೆ. ಪೇರೂರ್ಕಡದ ಬಳಿ 1870ರಲ್ಲಿ ಸ್ಥಾಪಿತವಾದ ಮಾನಸಿಕ ಆರೋಗ್ಯ ಕೇಂದ್ರವಿದೆ. ಅದು ಇರುವ ಊಳಂಪಾರದ ಹೆಸರೆತ್ತಿದರೆ ಸಾಕು, ಮಲಯಾಳಿಗಳ ಹಾಸ್ಯಕ್ಕೆಲ್ಲ ಅದೇ ವಸ್ತು. ಆ ಹಾಸ್ಯಕ್ಕೆ ಅಂಜಿ ತಿಂಗಳುಗಳನ್ನು ಕಳೆಯುವುದು ಮಾತ್ರ ಅವಿವೇಕ. ಕೊಚ್ಚಿಯ ಕಡೆಯಲ್ಲಿ ಎರ್ನಾಕುಳಂ ಜನರಲ್ ಆಸ್ಪತ್ರೆಯೂ ಕಳಮಶ್ಶೇರಿಯ ಸರ್ಕಾರಿ ವೈದ್ಯಕೀಯ ಕಾಲೇಜೂ ಇವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಕೇರಳದ 14 ಜಿಲ್ಲೆಗಳನ್ನೂ ವ್ಯಾಪಿಸಿದೆ. ಸರ್ಕಾರ ನಡೆಸುವ ಅಥವಾ ಅದರ ಹಣದಿಂದ ನಡೆಯುವ ಸೇವೆಯಿಂದ ಚಿಕಿತ್ಸೆ ಪಡೆಯುವುದು ಹದಿನೆಂಟನೆಯ ಪ್ರಕರಣದ ಪ್ರಕಾರ ದಾನವಲ್ಲ, ಹಕ್ಕು. ಬಡತನದ ರೇಖೆಯ ಕೆಳಗಿನವರಿಗೆ ಅದು ಉಚಿತವಾಗಿಯೇ ಸಲ್ಲತಕ್ಕದ್ದು. ಮಕ್ಕಳ ಮಾನಸಿಕ ಆರೋಗ್ಯ ಸೇವೆಗೆ ಏರ್ಪಾಡು ಮಾಡಬೇಕೆಂದೂ ಅದೇ ಪ್ರಕರಣ ಸರ್ಕಾರಕ್ಕೆ ವಿಧಿಸಿದೆ. ಯಾರೊಡನೆ ಮೊದಲು ಮಾತಾಡಬೇಕೆಂದೇ ತೋಚದವರು ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು. ವೀಡಿಯೋ ಮೂಲಕ ವೈದ್ಯರನ್ನು ಕಾಣುವುದಾದರೆ, 2020ರ ದೂರವೈದ್ಯ ಮಾರ್ಗಸೂಚಿಯಂತೆ, ಹದಿನೆಂಟು ತುಂಬದವರ ಜೊತೆಯಲ್ಲಿ ಗುರುತು ಖಚಿತವಾದ ಹಿರಿಯರೊಬ್ಬರು ಇರಲೇಬೇಕು.

ಒಂದೇ ಭೇಟಿಯಲ್ಲಿ ನಿರ್ಣಯವಾಗಬೇಕೆಂದು ಹಟ ಹಿಡಿಯಬಾರದು. ಈ ವ್ಯಾಧಿಯನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಾಗಲಿ ಇಲ್ಲ. ಥೈರಾಯ್ಡ್ ಮುಂತಾದ ಪರೀಕ್ಷೆಗಳು ಬೇರೆ ಕಾರಣಗಳನ್ನು ಬದಿಗಿರಿಸಲಿಕ್ಕೆ. ಖಿನ್ನತೆಯ ಕಾಲದಲ್ಲಿ ಮಾತ್ರ ವೈದ್ಯರನ್ನು ಕಂಡು, ಹಿಂದಿನ ಉನ್ಮಾದದ ದಿನಗಳನ್ನು ‘ಅವನಾಗ ಬಹಳ ಚುರುಕಾಗಿದ್ದ’ ಎಂದು ಮನೆಯವರು ಮರೆಮಾಚಿದರೆ, ಬರೀ ಖಿನ್ನತೆಯ ಔಷಧ ದೊರೆತು ಉನ್ಮಾದ ಕೆರಳುವ ಸಂಭವವುಂಟು. ಆದುದರಿಂದ ನಿದ್ರೆ, ಖರ್ಚು, ಮಾತು, ಮನೆತನದಲ್ಲಿನ ಪೂರ್ವರೋಗಗಳು, ಇವನ್ನು ದಿನಾಂಕಸಹಿತ ಬರೆದುಕೊಂಡು ಹೋಗುವುದು ಯಾವ ವಕೀಲನ ಸಲಹೆಗಿಂತಲೂ ಮೊದಲ ಕರ್ತವ್ಯ.

ಈಗ ವಯಸ್ಸಿನ ಪ್ರಶ್ನೆ. ಇಡೀ ವಿಷಯದ ತಿರುಳು ಇದೇ. ಹದಿನೆಂಟು ತುಂಬದವನು ಕಾನೂನಿನ ಕಣ್ಣಿಗೆ ಅಪ್ರಾಪ್ತವಯಸ್ಕ. ಹದಿನೈದನೆಯ ಪ್ರಕರಣದಂತೆ ಅವನ ಕಾನೂನುಬದ್ಧ ಪೋಷಕರೇ ಅವನ ನಾಮನಿರ್ದೇಶಿತ ಪ್ರತಿನಿಧಿಗಳು, ಎಂದರೆ ಚಿಕಿತ್ಸೆಯ ವಿಷಯದಲ್ಲಿ ಅವನ ಪರವಾಗಿ ನಿಲ್ಲುವವರು. ಹದಿನಾರರ ಹುಡುಗಿ ತಾನೊಬ್ಬಳೇ ಹೊರರೋಗಿ ವಿಭಾಗಕ್ಕೆ ಹೋಗಿ ವೈದ್ಯರೊಡನೆ ಮಾತಾಡುವುದನ್ನು ಅಧಿನಿಯಮವು ಎಲ್ಲಿಯೂ ನಿಷೇಧಿಸಿಲ್ಲ, ಆದರೆ ಔಷಧವನ್ನು ಆರಂಭಿಸುವಾಗ ವೈದ್ಯರು ಪೋಷಕರನ್ನು ಕರೆಸುವುದು ಸಹಜವೇ. ಇಷ್ಟನ್ನೇ ಹಿಡಿದು ಎಲ್ಲವೂ ತಮ್ಮ ಇಚ್ಛೆಯೆಂದು ತಿಳಿಯುವ ಪೋಷಕರು ಹದಿನೇಳನೆಯ ಪ್ರಕರಣವನ್ನು ನೋಡಬೇಕು: ಪ್ರತಿನಿಧಿಯಾದವನು ರೋಗಿಯ ಇಂದಿನ ಮತ್ತು ಹಿಂದಿನ ಅಭಿಲಾಷೆಗಳನ್ನೂ, ಜೀವನವೃತ್ತಾಂತವನ್ನೂ, ಮೌಲ್ಯಗಳನ್ನೂ ಪರಿಗಣಿಸಬೇಕು, ರೋಗಿಯು ವಿಷಯವನ್ನು ಎಷ್ಟರ ಮಟ್ಟಿಗೆ ಗ್ರಹಿಸಬಲ್ಲನೋ ಅಷ್ಟರ ಮಟ್ಟಿಗೆ ಅವನ ಅಭಿಪ್ರಾಯಕ್ಕೆ ವಿಶೇಷ ಮನ್ನಣೆ ಕೊಡಬೇಕು. ಪೋಷಕರೇ ಮಗುವಿನ ಹಿತಕ್ಕೆ ವಿರೋಧಿಗಳಾಗಿದ್ದರೆ, ಮಾನಸಿಕ ಆರೋಗ್ಯ ವೃತ್ತಿಪರರಾಗಲಿ ಮಗುವಿನ ಹಿತೈಷಿಯಾದ ಬೇರೆ ಯಾರೇ ಆಗಲಿ ಈ ಅಧಿನಿಯಮದಡಿ ರಚಿತವಾದ ಮಾನಸಿಕ ಆರೋಗ್ಯ ಪುನರ್ವಿಲೋಕನ ಮಂಡಳಿಗೆ ಅರ್ಜಿ ಕೊಟ್ಟು ಬೇರೊಬ್ಬ ಪ್ರತಿನಿಧಿಯನ್ನು ನೇಮಿಸುವಂತೆ ಕೋರಬಹುದು.

ರೋಗದ ಸ್ವರೂಪ, ಸೂಚಿಸಿದ ಚಿಕಿತ್ಸೆ, ಔಷಧಗಳ ಅಡ್ಡಪರಿಣಾಮ, ಇವನ್ನು ತಿಳಿಯುವ ಹಕ್ಕು ಇಪ್ಪತ್ತೆರಡನೆಯ ಪ್ರಕರಣದಲ್ಲಿ ರೋಗಿಗೂ ಪ್ರತಿನಿಧಿಗೂ ಸಮಾನವಾಗಿ ದತ್ತವಾಗಿದೆ, ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ. ಲಿಥಿಯಂ ಕೊಟ್ಟರೆ ರಕ್ತದಲ್ಲಿ ಅದರ ಪ್ರಮಾಣವನ್ನು ಎಷ್ಟು ಸಲ ಅಳೆಯಬೇಕು, ಮೂತ್ರಪಿಂಡ-ಥೈರಾಯ್ಡ್‌ಗಳ ಪರೀಕ್ಷೆ ಯಾವಾಗ ಎಂದು ಕೇಳುವುದು ಉದ್ಧಟತನವಲ್ಲ. ಹುಡುಗಿಗೆ ವಾಲ್ಪ್ರೊಯೇಟ್ ಸೂಚಿಸಿದರೆ, ಮುಂದೆ ಗರ್ಭ ನಿಂತಾಗ ಅದರಿಂದ ಶಿಶುವಿಗೆ ಆಗಬಹುದಾದ ಹಾನಿಯನ್ನು ಕುರಿತು ಪ್ರಶ್ನಿಸಲೇಬೇಕು. ಭಾಷೆಯ ವಿಷಯದಲ್ಲಿ ಕೇರಳದ ಕನ್ನಡಿಗರಿಗೆ ಇನ್ನೊಂದು ಆಸರೆಯೂ ಉಂಟು. 1969ರ ಕೇರಳ ಅಧಿಕೃತ ಭಾಷಾ ಅಧಿನಿಯಮವು, ಅದರ ತಿದ್ದುಪಡಿಯೊಡನೆ, ರಾಜ್ಯದ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಿರುವನಂತಪುರದ ಸಚಿವಾಲಯದೊಡನೆಯೂ ಇಲಾಖಾ ಮುಖ್ಯಸ್ಥರೊಡನೆಯೂ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸಲು ಅವಕಾಶವಿತ್ತಿದೆ. ಸ್ಥಳೀಯ ಕಚೇರಿಗಳ ಮಟ್ಟಿಗೆ ಈ ಸೌಲಭ್ಯವು ಘೋಷಿತ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಿಗೆ ಸೀಮಿತ. ಅಂದರೆ ಆರೋಗ್ಯ ಇಲಾಖೆಯ ಮುಖ್ಯಸ್ಥರಿಗೆ ಕನ್ನಡದಲ್ಲಿ ದೂರು ಬರೆಯಬಹುದು. ಎರ್ನಾಕುಳಂ ಆಸ್ಪತ್ರೆಯ ಕಿಟಕಿಯಲ್ಲಿ ಕನ್ನಡದ ಚೀಟಿ ಬೇಕೆಂದು ಈ ಶಾಸನದ ಹೆಸರಿನಲ್ಲಿ ಒತ್ತಾಯಿಸಲಾಗದು, ಆದರೆ ರೋಗವನ್ನು ತಿಳಿಯುವ ಭಾಷೆಯಲ್ಲಿ ವಿವರಿಸಿರೆಂದು ಇಪ್ಪತ್ತೆರಡನೆಯ ಪ್ರಕರಣವನ್ನು ಎತ್ತಿ ಕೇಳಬಹುದು.

ಎಲ್ಲರನ್ನೂ ಹೆದರಿಸುವುದು ‘ಅಡ್ಮಿಟ್’ ಎಂಬ ಮಾತು. ಎಂಬತ್ತೇಳನೆಯ ಪ್ರಕರಣವು ಅಪ್ರಾಪ್ತರ ದಾಖಲಾತಿಯನ್ನು ತಾನು ವಿಧಿಸಿದ ಕ್ರಮದಲ್ಲಿ ಮಾತ್ರ ಅನುಮತಿಸಿದೆ. ಪ್ರತಿನಿಧಿಯ ಅರ್ಜಿ ಬೇಕು. ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯ ಹಾಗೂ ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರ ಇಲ್ಲವೆ ವೈದ್ಯ, ದಾಖಲಾತಿಯ ದಿನ ಅಥವಾ ಅದರ ಹಿಂದಿನ ಏಳು ದಿನಗಳೊಳಗೆ ಮಗುವನ್ನು ಪ್ರತ್ಯೇಕ ಪ್ರತ್ಯೇಕವಾಗಿ ಪರೀಕ್ಷಿಸಿ, ರೋಗವು ತೀವ್ರವಾಗಿದೆ, ದಾಖಲಾತಿಯು ಮಗುವಿನ ಹಿತಕ್ಕೇ ಆಗಿದೆ, ಆಸ್ಪತ್ರೆಯ ಹೊರಗಿನ ಉಪಾಯಗಳು ವಿಫಲವಾಗಿವೆ ಅಥವಾ ಸ್ಪಷ್ಟವಾಗಿ ಅನುಚಿತವಾಗಿವೆ ಎಂಬ ನಿರ್ಣಯಕ್ಕೆ ಬೇರೆ ಬೇರೆಯಾಗಿಯೇ ಬಂದಿರಬೇಕು. ಹಾಗೆ ನಿರ್ಣಯಿಸುವಾಗ ಮಗುವಿನ ಇಚ್ಛೆಯನ್ನು ತಿಳಿಯಲು ಸಾಧ್ಯವಿದ್ದರೆ ಅದನ್ನೂ ತೂಗಬೇಕು. ಮಗುವನ್ನು ವಯಸ್ಕ ರೋಗಿಗಳಿಂದ ಬೇರೆ ಇರಿಸಬೇಕು. ಪ್ರತಿನಿಧಿಯಾಗಲಿ ಅವರು ನೇಮಿಸಿದ ಪರಿಚಾರಕರಾಗಲಿ ಪೂರ್ತಿ ಅವಧಿ ಜೊತೆಯಲ್ಲಿರಬೇಕು. ಹುಡುಗಿಯ ಪ್ರತಿನಿಧಿ ಪುರುಷನಾದರೆ ಪರಿಚಾರಕಿಯೊಬ್ಬಳು ಕಡ್ಡಾಯ. ಪ್ರತಿನಿಧಿಯು ಒಪ್ಪಿಗೆಯನ್ನು ಹಿಂತೆಗೆದುಕೊಂಡರೆ ಮಗುವನ್ನು ಬಿಡುಗಡೆ ಮಾಡಲೇಬೇಕು. ದಾಖಲಾತಿಯನ್ನು ಆಸ್ಪತ್ರೆಯು 72 ಗಂಟೆಗಳೊಳಗೆ ಮಂಡಳಿಗೆ ವರದಿ ಮಾಡಬೇಕು. ದಾಖಲಾತಿ 30 ದಿನ ಮೀರಿದರೆ, ಆ ಮಾಹಿತಿ ತಲುಪಿದ ಏಳು ದಿನಗಳೊಳಗೂ ಆಮೇಲೆ ಪ್ರತಿ 30 ದಿನಕ್ಕೂ ಮಂಡಳಿಯೇ ಪುನರ್ವಿಲೋಕಿಸಬೇಕು. ‘ಡಾಕ್ಟರು ಹೇಳಿದರು, ಬಿಟ್ಟು ಬಂದೆವು’ ಎಂಬುದು ಈ ಶಾಸನದಡಿ ಸಾಧ್ಯವೇ ಇಲ್ಲದ ಮಾತು.

ವಿದ್ಯುತ್ ಕಂಪನ ಚಿಕಿತ್ಸೆಯನ್ನು ಅಪ್ರಾಪ್ತರಿಗೆ ಕೊಡುವುದು ನಿಷಿದ್ಧ. ಆದರೂ ಅನಿವಾರ್ಯವೆಂದು ಮನೋವೈದ್ಯರು ಕಂಡಲ್ಲಿ ಪೋಷಕರ ತಿಳಿವಳಿಕೆಯುಕ್ತ ಸಮ್ಮತಿಯೊಡನೆ ಮಂಡಳಿಯ ಪೂರ್ವಾನುಮತಿಯೂ ಬೇಕು. ಸರಪಳಿಯಲ್ಲಿ ಬಿಗಿಯುವುದು ಯಾರಿಗೂ ಸಲ್ಲದು. ಖಿನ್ನತೆಯ ಆಳದಲ್ಲಿ ಮಗುವು ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದರೆ ಪೊಲೀಸರ ಭಯದಿಂದ ಅದನ್ನು ವೈದ್ಯರಲ್ಲಿ ಮುಚ್ಚಿಡಬೇಕಾಗಿಲ್ಲ: ನೂರ ಹದಿನೈದನೆಯ ಪ್ರಕರಣವು ಅಂಥವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಶಿಕ್ಷೆಯಿಂದ ರಕ್ಷಿಸುತ್ತದೆ, ಹಳೆಯ ದಂಡಸಂಹಿತೆಯ 309ನೆಯ ಕಲಮನ್ನು 2024ರ ಜುಲೈ 1ರಿಂದ ಜಾರಿಯಾದ ನ್ಯಾಯಸಂಹಿತೆಯು ಉಳಿಸಿಕೊಂಡೂ ಇಲ್ಲ. ಇಂಥ ಯೋಚನೆಯ ಸುಳಿವು ಕಂಡೊಡನೆ ಆಸ್ಪತ್ರೆಗೆ ಧಾವಿಸಬೇಕು, ಸರದಿಯ ದಿನವನ್ನು ಕಾಯಬಾರದು.

ಗೋಪ್ಯತೆಯನ್ನು ಕುರಿತು ಮಗುವಿಗೆ ಸುಳ್ಳು ಭರವಸೆ ಕೊಡುವುದು ಒಳ್ಳೆಯದಲ್ಲ. ಪ್ರತಿನಿಧಿಗಳಾದ ತಂದೆತಾಯಿಗಳಿಗೆ ರೋಗನಿರ್ಣಯ ತಿಳಿಯುವುದು. ಪ್ರಾಣಾಪಾಯವಿದ್ದಲ್ಲಿ, ಅನ್ಯರಿಗೆ ಹಾನಿಯಾಗುವಲ್ಲಿ, ನ್ಯಾಯಾಲಯ ಅಥವಾ ಮಂಡಳಿ ಆಜ್ಞಾಪಿಸಿದಲ್ಲಿ ವೈದ್ಯರು ಅಗತ್ಯವಿದ್ದಷ್ಟನ್ನು ಹೇಳಬಹುದು. ತನ್ನ ಮೇಲೆ ಲೈಂಗಿಕ ಅಪರಾಧ ನಡೆದುದನ್ನು ಮಗುವು ಹೇಳಿದರೆ 2012ರ ಪೋಕ್ಸೋ ಶಾಸನದಂತೆ ಅವರು ವರದಿ ಮಾಡಲೇಬೇಕು. ಇಪ್ಪತ್ತಮೂರನೆಯ ಪ್ರಕರಣದ ಈ ವಿನಾಯಿತಿಗಳಲ್ಲಿ ಮುಖ್ಯೋಪಾಧ್ಯಾಯರೂ ಇಲ್ಲ, ಹಾಸ್ಟೆಲು ವಾರ್ಡನರೂ ಇಲ್ಲ, ನೆರೆಮನೆಯವರಂತೂ ಇಲ್ಲವೇ ಇಲ್ಲ. ಶಾಲೆಗೆ ಹೇಳುವುದೋ ಬಿಡುವುದೋ ಕುಟುಂಬದ ವಿವೇಚನೆ. ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರ ತೀರ್ಪಿನಲ್ಲಿ ಮಾನಸಿಕ ಆರೋಗ್ಯವು ಜೀವಿಸುವ ಹಕ್ಕಿನ ಅಂಗವೆಂದು ಸಾರಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಸಲಹೆಗಾರರನ್ನು ನೇಮಿಸಬೇಕೆಂದು ಆದೇಶಿಸಿರುವುದರಿಂದ, ಹೇಳುವುದೇ ಆದರೆ ಅವರೊಬ್ಬರಿಗೆ ಹೇಳುವುದು ಕ್ಷೇಮ.

ವಿಮಾಕಂಪನಿಗಳು ಮನೋರೋಗವನ್ನು ದೇಹರೋಗಕ್ಕೆ ಸಮನಾಗಿ ಕಾಣಬೇಕೆಂದು ಇಪ್ಪತ್ತೊಂದನೆಯ ಪ್ರಕರಣ ಹೇಳಿದೆ. ನಿರಾಕರಣೆ ಬಂದರೆ ಅದನ್ನು ಬರಹದಲ್ಲಿ ಪಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಶಾಸನದಡಿ ಪ್ರಮಾಣಪತ್ರವೂ ದೊರೆಯಬಹುದು, ಆದರೆ ಮೊದಲ ನಿರ್ಣಯವಾದ ವಾರದಲ್ಲೇ ಅದಕ್ಕೆ ಓಡುವುದರಲ್ಲಿ ನನಗೆ ಅರ್ಥ ಕಾಣದು.

ಹಕ್ಕಿಗೆ ಲೋಪ ಬಂದಲ್ಲಿ ಮೊದಲು ಆಸ್ಪತ್ರೆಯ ಮುಖ್ಯಾಧಿಕಾರಿಗೆ, ಅನಂತರ ಮಂಡಳಿಗೆ, ಬಳಿಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಮಂಡಳಿಯ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರು ಅಥವಾ ಆ ದರ್ಜೆಗೆ ಅರ್ಹರಾದವರು. ಸದಸ್ಯರಲ್ಲಿ ಮನೋರೋಗವನ್ನು ಅನುಭವಿಸಿದವರಿಗೂ ಆರೈಕೆ ಮಾಡಿದವರಿಗೂ ಸ್ಥಾನವುಂಟು. ಅರ್ಜಿಗೆ ಶುಲ್ಕವಿಲ್ಲ, ಅಪ್ರಾಪ್ತರ ದಾಖಲಾತಿಯನ್ನು ಪ್ರಶ್ನಿಸಿದ ಅರ್ಜಿಯು ಏಳು ದಿನಗಳಲ್ಲಿ ಇತ್ಯರ್ಥವಾಗಬೇಕು. ಮಂಡಳಿಯ ತೀರ್ಮಾನದ ಮೇಲೆ 30 ದಿನಗಳೊಳಗೆ ಕೊಚ್ಚಿಯಲ್ಲಿರುವ ಕೇರಳ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಕಿಲ್ಲ: 1987ರ ಕಾನೂನು ಸೇವೆಗಳ ಶಾಸನದಲ್ಲಿ ಮಕ್ಕಳಿಗೆ, ಮನೆಯ ಆದಾಯ ಎಷ್ಟೇ ಇರಲಿ, ಉಚಿತ ನೆರವುಂಟು, ಕೇರಳದ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವೂ ಕೊಚ್ಚಿಯಲ್ಲಿಯೇ ಇದೆ, ದೂರವಾಣಿ 15100.

ಹದಿನೆಂಟು ತುಂಬಿದ ದಿನ ಪೋಷಕರ ಸಹಿಯ ಅಧಿಕಾರ ಮುಗಿಯುತ್ತದೆ. ಒಳರೋಗಿಯಾಗಿರುವಾಗಲೇ ಹದಿನೆಂಟಾದರೆ ಆಸ್ಪತ್ರೆಯು ಅವನನ್ನು ಸ್ವತಂತ್ರ ರೋಗಿಯೆಂದು ಪರಿಗಣಿಸಬೇಕು. ಅಂದಿನಿಂದ ತನ್ನ ಪ್ರತಿನಿಧಿಯನ್ನು ಆರಿಸುವವನು ಅವನೇ. ಮುಂದೆ ಉನ್ಮಾದ ಮರುಕಳಿಸಿ ನಿರ್ಧರಿಸುವ ಶಕ್ತಿ ಕುಂದಿದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಗಡ ನಿರ್ದೇಶವನ್ನು ಬರೆದಿಡಲೂ ಅವನು ಅರ್ಹ. ಅದುವರೆಗಿನ ದಾಖಲೆಗಳ ಪ್ರತಿಗಳನ್ನು ಇಪ್ಪತ್ತೈದನೆಯ ಪ್ರಕರಣದಂತೆ ಆಸ್ಪತ್ರೆಯಿಂದ ಕೇಳಿ ಪಡೆದು ಅವನ ಕೈಗೊಪ್ಪಿಸುವುದು ಪೋಷಕರಿಗೆ ಉಳಿದಿರುವ ಕೆಲಸ.